ಬೆಳಗಿನ ಜಾವ ಮೂರೂವರೆಗೆ ಅಪ್ಪ ಆನ್‌ಲೈನ್

ಕ್ಯಾನಿಂಗ್ ವೇಲ್‌ನ ನಮ್ಮ ಬಾಡಿಗೆ ಮನೆಯಲ್ಲಿ ನಾವು ನಾಲ್ಕು ಜನ. ಗೋಡೌನಿನ ನೈಟ್ ಶಿಫ್ಟ್ ಮುಗಿಸಿ ಬೆಳಿಗ್ಗೆ ಆರಕ್ಕೆ ಬಂದು ಫೋನ್ ತೆಗೆದರೆ ನಮ್ಮಲ್ಲೊಬ್ಬನ ಅಪ್ಪ ವಾಟ್ಸಾಪ್‌ನಲ್ಲಿ ಆನ್‌ಲೈನ್! ಪರ್ತ್ ಭಾರತಕ್ಕಿಂತ ಎರಡೂವರೆ ಗಂಟೆ ಮುಂದೆ, ಅಂದರೆ ಊರಲ್ಲಿ ಆಗ ಮೂರೂವರೆ. (ಅಡಿಲೇಡ್, ಬ್ರಿಸ್ಬೇನ್ ಗೆಳೆಯರು ನಿಮ್ಮ ಲೆಕ್ಕ ನೀವೇ ಹಾಕಿಕೊಳ್ಳಿ.) ಕೇಳಿದರೆ, "ವಯಸ್ಸಾಯ್ತಲ್ಲೋ, ನಿದ್ದೆ ಎಲ್ಲಿ ಬರುತ್ತೆ" ಅನ್ನುತ್ತಾರೆ. ನಾಲ್ವರಲ್ಲಿ ಮೂವರ ಮನೆಯಲ್ಲಿ ಶುಗರ್ ಇದೆ, ಮೂರೂ ಮನೆಯಲ್ಲಿ ಇದೇ ಉತ್ತರ. ಅನುಮಾನ ಬಂದು ಓದಲು ಕೂತೆವು. ನಾವು ಡಾಕ್ಟರಲ್ಲ, ಇಂಜಿನಿಯರುಗಳು, ಅದು ನೆನಪಿರಲಿ.

ರಕ್ತದ ಸಕ್ಕರೆ ಸುಮಾರು 180 (ಇಲ್ಲಿಯ ಮೀಟರ್‌ನಲ್ಲಿ 10) ದಾಟಿದರೆ ಮೂತ್ರಪಿಂಡ ಅದನ್ನು ಪೂರ್ತಿ ವಾಪಸ್ ಹೀರಿಕೊಳ್ಳಲಾರದು. ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ರಾತ್ರಿ ಮೂರು ನಾಲ್ಕು ಸಲ ಏಳಬೇಕು, ಬಾಯಾರಿ ನೀರು ಕುಡಿಯಬೇಕು, ಮತ್ತೆ ಏಳಬೇಕು. ಕೆಲವರಿಗೆ ನರ ಸೋತು ಪಾದ ಉರಿಯುತ್ತದೆ. ಹಗಲಿಗಿಂತ ರಾತ್ರಿಯೇ ಜಾಸ್ತಿ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ನಿದ್ದೆಯಲ್ಲೇ ಶುಗರ್ ಇಳಿದು ಬೆವರು, ಕೆಟ್ಟ ಕನಸು, ಬೆಳಿಗ್ಗೆ ತಲೆನೋವು ಬರಬಹುದು.

ನಮ್ಮನ್ನು ಹೆಚ್ಚು ಬೆಚ್ಚಿಸಿದ್ದು ಗೊರಕೆ. ಗೊರಕೆ ಹೊಡೆದರೆ ಗಾಢ ನಿದ್ದೆ ಅಂತಲೇ ನಾವು ತಿಳಿದದ್ದು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ತಮಾಷೆ ಬೇರೆ ಮಾಡಿದ್ದೇವೆ. ಸ್ಲೀಪ್ ಅಪ್ನಿಯಾದಲ್ಲಿ ಗಂಟಲಿನ ದಾರಿ ಮತ್ತೆ ಮತ್ತೆ ಮುಚ್ಚಿಕೊಂಡು ಉಸಿರು ಹತ್ತು ಸೆಕೆಂಡೋ ಇನ್ನೂ ಹೆಚ್ಚೋ ನಿಲ್ಲುತ್ತದೆ. ಆಮ್ಲಜನಕ ಇಳಿಯುತ್ತದೆ, ದೇಹ ಗಾಬರಿಯಿಂದ ಒತ್ತಡದ ಹಾರ್ಮೋನು ಬಿಡುತ್ತದೆ, ಅದರಿಂದ ಸಕ್ಕರೆ ಏರುತ್ತದೆ. ಟೈಪ್ 2 ಮಧುಮೇಹ ಇರುವವರಲ್ಲಿ ಇದು ತುಂಬಾ ಸಾಮಾನ್ಯ. ಇದಕ್ಕೆ ಬಳಸುವ ಸಿಪ್ಯಾಪ್ ಯಂತ್ರ ನಮ್ಮ ಈ ದೇಶದ್ದೇ: ಸಿಡ್ನಿ ವಿಶ್ವವಿದ್ಯಾಲಯದ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದರ ಬಗ್ಗೆ ಪ್ರಕಟಿಸಿದರು. ಮಾಸ್ಕಿನ ಮೂಲಕ ಗಾಳಿಯ ಒತ್ತಡ ಕೊಟ್ಟು ದಾರಿ ತೆರೆದಿಡುವುದು, ಅಷ್ಟೇ.

ಇದು ಒಮ್ಮುಖ ದಾರಿಯೂ ಅಲ್ಲ. 1999ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದವರು ಆರೋಗ್ಯವಂತ 11 ಯುವಕರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಚೆನ್ನಾಗಿ ಮಲಗಿದ ದಿನಗಳಿಗಿಂತ ಅವರ ರಕ್ತದಿಂದ ಸಕ್ಕರೆ ಸುಮಾರು ಶೇ. 40ರಷ್ಟು ನಿಧಾನವಾಗಿ ಇಳಿಯಿತು. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಹೇಳುವುದಾದರೆ ಇದು ಪಾಸಿಟಿವ್ ಫೀಡ್‌ಬ್ಯಾಕ್: ಸಕ್ಕರೆ ನಿದ್ದೆ ಕೆಡಿಸುತ್ತೆ, ಕೆಟ್ಟ ನಿದ್ದೆ ಸಕ್ಕರೆ ಏರಿಸುತ್ತೆ. ಆ ಯುವಕರು ನಮ್ಮದೇ ವಯಸ್ಸಿನವರು, ನಮ್ಮ ಶಿಫ್ಟ್ ವಾರಗಳ ನಿದ್ದೆಯೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ಓದುವಾಗ ರೂಮಿನಲ್ಲಿ ಯಾರೂ ನಗಲಿಲ್ಲ.

ಫೋನಿನಲ್ಲಿ "ಊಟ ಆಯ್ತಾ, ಶುಗರ್ ಎಷ್ಟು" ಜೊತೆ ಇನ್ನು ನಾಲ್ಕು ಮಾತು ಕೇಳಿ: ಎಷ್ಟಕ್ಕೆ ಮಲಗಿದ್ರಿ, ಎಷ್ಟು ಸಲ ಎದ್ರಿ, ಕಾಲು ಉರಿಯುತ್ತಾ, ಹಗಲು ಕೂತಲ್ಲೇ ತೂಕಡಿಕೆ ಬರುತ್ತಾ. ಬರೆದಿಟ್ಟುಕೊಂಡು ಅವರ ಡಾಕ್ಟರಿಗೆ ಕಳಿಸಿ. ಮಾತ್ರೆ ಬದಲಿಸುವ ಸಲಹೆ ಮಾತ್ರ ನಾವು ಕೊಡಬಾರದು, ನಿದ್ದೆ ಮಾತ್ರೆಯಂತೂ ಬೇಡವೇ ಬೇಡ. ಗೊರಕೆಯ ಪ್ರಶ್ನೆಯನ್ನು ಮಾತ್ರ ಮಲಗಿದವರಿಗಲ್ಲ, ಪಕ್ಕದವರಿಗೆ ಕೇಳಿ. ನಮ್ಮ ಗೆಳೆಯ ಅಮ್ಮನಿಗೆ ಕೇಳಿದ. "ಜೋರಾಗಿ ಹೊಡೀತಿರ್ತಾರೆ, ಇದ್ದಕ್ಕಿದ್ದ ಹಾಗೆ ನಿಂತ್ಹೋಗುತ್ತೆ ಕಣೋ. ಭಯ ಆಗಿ ನಾನೇ ಅಲುಗಾಡಿಸ್ತೀನಿ" ಅಂದರು. ಎಷ್ಟು ದಿನದಿಂದ ಅಂದರೆ, "ನೀನು ಇಂಜಿನಿಯರಿಂಗ್ ಸೇರಿದಾಗಿಂದ."

ಮುಂದಿನ ತಿಂಗಳು ಅವರಿಗೆ ನಿದ್ರೆಯ ಪರೀಕ್ಷೆ ಇದೆ.