ಬ್ರೆಡ್ಡಿನ ಬಣ್ಣ ತರಕಾರಿ ಬುಟ್ಟಿಯಲ್ಲೇ ಇದೆ
ಮನೆಯಲ್ಲೇ ಬ್ರೆಡ್ ಮಾಡುವವರು ಬಣ್ಣದ ಸೀಸೆಗೆ ಕೈಹಾಕುವ ಮೊದಲು ತರಕಾರಿ ಬುಟ್ಟಿ ನೋಡಿ. ಅರಿಶಿನ, ಕ್ಯಾರೆಟ್ಟನ್ನು ನಂಬಬಹುದು. ಓವನ್ನಿನ ಬಿಸಿಗೂ ಅವುಗಳ ಬಣ್ಣ ಅಷ್ಟಾಗಿ ಮಾಸದು. ಅರಿಶಿನ ಕಾಲು ಚಮಚ ಸಾಕು. ಅಡುಗೆ ಸೋಡಾ ಸೇರಿದರೆ ಅದು ಕೆಂಪಾಗುತ್ತದೆ, ಯೀಸ್ಟ್ ಹಾಕಿದ ಹಿಟ್ಟಿಗೇ ಬಳಸಿ. ಬೀಟ್‌ರೂಟ್ ಮಾತ್ರ ಬಿಸಿ ತಡೆಯುವುದಿಲ್ಲ. ನಾದುವಾಗ ಅಂಗೈಯೆಲ್ಲ ಗುಲಾಬಿ, ಬೆಂದ ಮೇಲೆ ನೋಡಿದರೆ ಮೇಲ್ಪದರ ಕಂದು! ಒಂದು ಚಮಚ ನಿಂಬೆರಸ ಬೆರೆಸಿ, ಒಳಗಿನ ಬಣ್ಣ ಒಂದಿಷ್ಟು ಉಳಿಯುತ್ತದೆ. ಪಾಲಕ್ಕಿನ ಹಸಿರು ಸ್ವಲ್ಪ ಮಂಕಾದರೂ ಚೆಂದವೇ. ಇನ್ನೊಂದು ಮಾತು: ರುಬ್ಬಿದ ತರಕಾರಿಯಲ್ಲೇ ಸಾಕಷ್ಟು ನೀರಿರುತ್ತದೆ. ಹಿಟ್ಟಿಗೆ ಅಳೆದಿಟ್ಟ ನೀರನ್ನು ಒಮ್ಮೆಲೇ ಸುರಿಯಬೇಡಿ. ನಾದುತ್ತಾ, ಬೇಕಾದಷ್ಟೇ ಚಿಮುಕಿಸಿಕೊಳ್ಳಿ.