ಸಾರಾಂಶ ಬರೆಸುವ ಮುನ್ನ

ದೋರನಹಳ್ಳಿ ಸುತ್ತಿನ ಕನ್ನಡ ಮೇಷ್ಟ್ರೇ, ಟೀಚರಮ್ಮನವರೇ, ಪದ್ಯ ಓದಿಸುವ ಮೊದಲೇ ಅದರ ಸಾರಾಂಶವನ್ನು ಬೋರ್ಡಿನ ಮೇಲೆ ಬರೆಯಬೇಡಿ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ರಾಜ್ಯದಲ್ಲೇ ಕೊನೆಗೆ ನಿಂತ ಮೇಲೆ ನಿಮ್ಮ ಮೇಲೆ ಎಷ್ಟು ಒತ್ತಡವಿದೆ ಎಂಬುದನ್ನು ಬಲ್ಲೆ. ಆದರೂ ಗೈಡಿನ ಉತ್ತರ ಬಾಯಿಪಾಠ ಮಾಡಿಸಿದರೆ ಮಕ್ಕಳು ಗೈಡನ್ನೇ ಕಲಿಯುತ್ತಾರೆ, ಪದ್ಯವನ್ನಲ್ಲ.

ಬೇಂದ್ರೆಯವರ ಹಕ್ಕಿಯ ಪದ್ಯವನ್ನೇ ನೋಡಿ. ಹಕ್ಕಿ ಎಂದರೆ ಕಾಲ ಎಂದು ಮೊದಲೇ ಹೇಳಿಬಿಟ್ಟರೆ ಅದರ ರೆಕ್ಕೆ, ಬಣ್ಣ, ವೇಗ ಯಾವುದನ್ನೂ ಹುಡುಗ ಗಮನಿಸುವುದೇ ಇಲ್ಲ. ಭತ್ತದ ಗದ್ದೆ ಮೇಲೆ ಬೆಳ್ಳಕ್ಕಿ ಸಾಲು ನೋಡುತ್ತ ಬೆಳೆದವನು ಅವನು. ಮೊದಲು ಗಟ್ಟಿಯಾಗಿ ಓದಿಸಿ. "ಇದು ಎಂಥ ಹಕ್ಕಿ?" ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಿ. ಕಾಲ ಎಂಬ ಮಾತು ಅವನ ಬಾಯಿಂದಲೇ ಬರಲಿ.

ಪದದ ಅರ್ಥ, ಪ್ರಾಸ, ಅಂಕಿತಗಳಿಗೆ ಸರಿ-ತಪ್ಪು ಉಂಟು, ಧಾರಾಳವಾಗಿ ಕೇಳಿ. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನ ಅಂಕಿತ ರಾಮನಾಥ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ವಚನದ ಭಾವವನ್ನು ಹುಡುಗಿಯೊಬ್ಬಳು ಗೈಡಿನಲ್ಲಿಲ್ಲದಂತೆ ಬರೆದರೆ ತಕ್ಷಣ ಕೆಂಪು ಗೀಟು ಎಳೆಯಬೇಡಿ. "ಯಾವ ಸಾಲು ನೋಡಿ ಹೀಗೆ ಬರೆದಿ, ತೋರಿಸವ್ವಾ" ಅನ್ನಿ. ತೋರಿಸಿದರೆ ಪೂರ್ತಿ ಅಂಕ ಕೊಡಿ. ತೋರಿಸಲಾಗದಿದ್ದರೆ ಮತ್ತೊಮ್ಮೆ ಓದಲು ಹೇಳಿ. ಮನಸ್ಸಿಗೆ ಬಂದದ್ದೆಲ್ಲ ವಚನದ ಅರ್ಥವಾಗುವುದಿಲ್ಲ ಎಂಬುದೂ ಅವಳಿಗೆ ತಿಳಿಯಬೇಕು.

ತಂದೆ-ತಾಯಿಗಳಿಗೂ ಒಂದು ಮಾತು. ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು ಮಗುವಿನ ಬಾಯಲ್ಲಿ ಪಾಠದ ಪದ್ಯವನ್ನು ಒಂದು ಸಲ ಕೇಳಿ.