ಒಂದೂವರೆ ಕಿಲೋಮೀಟರ್ ದೂರದ ಶಾಲೆಗೆ ಸ್ಕೂಟರ್ ಬೇಕೆ?

ಪ್ರಶ್ನೆ: ಮಗಳಿಗೆ 11 ವರ್ಷ, ಮಗನಿಗೆ 7. ಶಾಲೆ ಮನೆಯಿಂದ ಒಂದೂವರೆ ಕಿಲೋಮೀಟರ್. ದಿನವೂ ಇಬ್ಬರನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬರುತ್ತೇನೆ. ಮಗಳು ಇನ್ನು ಮುಂದೆ ಸೈಕಲ್‌ನಲ್ಲೇ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಟ್ರಾಫಿಕ್ ನೋಡಿದರೆ ನನಗೆ ಧೈರ್ಯ ಬರುವುದಿಲ್ಲ. ಕಳಿಸಬಹುದೇ ಡಾಕ್ಟರೇ?
— ಒಬ್ಬ ತಾಯಿ, ಮೈಸೂರು

ಉತ್ತರ: ಮಗಳನ್ನು ಕಳಿಸಿ, ಆದರೆ ನಾಳೆಯೇ ಬೇಡ, ಒಂದಿಷ್ಟು ತಯಾರಿ ಆಗಲಿ. ಮಗ ನಡೆದು ಹೋಗಲಿ, ದೊಡ್ಡವರೊಬ್ಬರ ಜೊತೆ. ನಿಮ್ಮ ಹೆದರಿಕೆ ಅತಿಯಾದದ್ದಲ್ಲ. ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಈ ಹೆದರಿಕೆಗೆ ಸ್ಕೂಟರ್ ಪರಿಹಾರ ಎಂಬುದನ್ನು ನಾನು ಒಪ್ಪಲಾರೆ. ನಮ್ಮ ದೇಶದಲ್ಲಿ ರಸ್ತೆಯಲ್ಲಿ ಪ್ರಾಣ ಕಳೆದುಕೊಳ್ಳುವವರಲ್ಲಿ ಅತಿ ಹೆಚ್ಚು ಮಂದಿ ದ್ವಿಚಕ್ರ ವಾಹನದವರೇ. ಹಿಂದೆ ಒಬ್ಬರನ್ನು ಮಾತ್ರ ಕೂರಿಸಲು ಕಾನೂನಿನ ಅನುಮತಿ ಇದೆ, ನೀವು ಹೊರಡುವಾಗಲೇ ಮೂವರು. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. ಬೆಳಿಗ್ಗೆ ಯಾವುದೇ ಶಾಲೆಯ ಗೇಟಿನ ಮುಂದೆ ನಿಂತು ನೋಡಿ: ಅಪ್ಪನ ತಲೆಯ ಮೇಲೆ ಹೆಲ್ಮೆಟ್ ಇರುತ್ತದೆ, ಹ್ಯಾಂಡಲ್ ಹಿಡಿದು ಮುಂದೆ ನಿಂತ ಮಗುವಿನ ತಲೆ ಬರಿದಾಗಿರುತ್ತದೆ. ನಡೆದು ಬರುವ ಮಕ್ಕಳಿಗೆ ಆ ಗೇಟಿನ ಬಳಿ ಅಪಾಯ ತಂದೊಡ್ಡುವುದೂ ಮಕ್ಕಳನ್ನು ಬಿಡಲು ಬಂದ ನಮ್ಮದೇ ವಾಹನಗಳ ನುಗ್ಗಾಟ.

ಇನ್ನು, ನಡೆಯದೆ ಕಳೆದುಕೊಳ್ಳುವುದೇನು? 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕು. ಶಾಲೆ, ಟ್ಯೂಷನ್, ಹೋಂವರ್ಕ್ ಮುಗಿಸಿದ ಮಗುವಿಗೆ ಆ ಒಂದು ಗಂಟೆ ಎಲ್ಲಿ ಉಳಿದಿದೆ? ಒಂದೂವರೆ ಕಿಲೋಮೀಟರ್ ಚುರುಕಾಗಿ ನಡೆದರೆ ಸುಮಾರು ಇಪ್ಪತ್ತು ನಿಮಿಷ, ಹೋಗಿ ಬರುವುದರಲ್ಲಿ ಮೂರರಲ್ಲಿ ಎರಡು ಪಾಲು ಲೆಕ್ಕ ಚುಕ್ತಾ. ಕಣ್ಣಿಗೂ ಲಾಭವುಂಟು. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಲ್ಲಿ ಬಿಟ್ಟಾಗ, ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ನೂರಕ್ಕೆ ಸುಮಾರು 30, ಉಳಿದ ಶಾಲೆಗಳಲ್ಲಿ ಸುಮಾರು 40. ಆ ಅಧ್ಯಯನ ಪ್ರಕಟವಾದದ್ದು 2015ರಲ್ಲಿ. ಅದು ನಡಿಗೆಯ ಪರೀಕ್ಷೆ ಅಲ್ಲ, ನಿಜ. ಆದರೆ ನಡೆದು ಹೋಗುವ ಮಗುವಿಗೆ ಹಗಲಿನ ಬೆಳಕು ಪುಕ್ಕಟೆ ಸಿಗುತ್ತದೆ. ಸೈಕಲ್ ಹೆಣ್ಣುಮಕ್ಕಳಿಗೆ ಕೊಡುವುದು ಇದಕ್ಕಿಂತ ದೊಡ್ಡದು. ಬಿಹಾರ ಸರ್ಕಾರ 2006ರಲ್ಲಿ ಪ್ರೌಢಶಾಲೆಯ ಹುಡುಗಿಯರಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ಅವರ ದಾಖಲಾತಿ ಶೇ. 32ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿದ್ದಾರೆ. ಕರ್ನಾಟಕದಲ್ಲೂ ಅದೇ ಹೊತ್ತಿಗೆ ಎಂಟನೇ ತರಗತಿಯವರಿಗೆ ಸೈಕಲ್ ಬಂದಿತ್ತು. ಹಾಗಾಗಿ ನಿಮ್ಮ ಮಗಳದು ಬರೀ ಹಟ ಎಂದು ತಳ್ಳಿಹಾಕಬೇಡಿ.

ಹಾಗಾದರೆ ಇಬ್ಬರಿಗೂ ಬೇರೆ ಬೇರೆ ಸಲಹೆ ಏಕೆ? ಎದುರಿಗೆ ಬರುವ ವಾಹನದ ವೇಗ ಅಳೆಯುವ ಶಕ್ತಿ ಮಕ್ಕಳಿಗೆ ನಿಧಾನವಾಗಿ ಬರುತ್ತದೆ. ಗಂಟೆಗೆ 30 ಕಿ.ಮೀ.ಗಿಂತ ಜೋರಾಗಿ ಬರುವ ವಾಹನ ಹತ್ತಿರವಾಗುತ್ತಿದೆ ಎಂಬುದನ್ನೇ ಪ್ರಾಥಮಿಕ ಶಾಲೆಯ ಮಕ್ಕಳು ಸರಿಯಾಗಿ ಗುರುತಿಸಲಾರರು ಎಂದು ಬ್ರಿಟನ್ನಿನ ಸಂಶೋಧಕರು ತೋರಿಸಿದ್ದಾರೆ. ಏಳು ವರ್ಷದ ಹುಡುಗನಿಗೆ ‘ನೋಡ್ಕೊಂಡು ಹೋಗಪ್ಪಾ’ ಎಂದರೆ ಸಾಲದು. ಅವನು ನೋಡುತ್ತಾನೆ, ಅಂದಾಜು ಸಿಗುವುದಿಲ್ಲ. ಹತ್ತು ವರ್ಷ ತುಂಬುವ ತನಕವಾದರೂ ರಸ್ತೆ ದಾಟುವಾಗ ಕೈ ಹಿಡಿದುಕೊಳ್ಳಿ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನ ಕಾಣುವ ಹಾಗೆ ನಡೆಸಿ. ನಿಂತ ಆಟೋ, ಕಾರುಗಳ ಸಂದಿಯಿಂದ ದಾಟುವುದು ಬೇಡವೇ ಬೇಡ. ಬಾನೆಟ್ಟಿನ ಎತ್ತರದ ಮಗು ಯಾವ ಡ್ರೈವರಿಗೂ ಕಾಣುವುದಿಲ್ಲ. ಮಗಳ ಸೈಕಲ್ ‘ಮುಂದಕ್ಕೂ ಆಗಲಿ’ ಎಂದು ದೊಡ್ಡದು ಕೊಂಡದ್ದಾಗಿರಬಾರದು, ಸೀಟಿನ ಮೇಲೆ ಕೂತಾಗ ಕಾಲ್ಬೆರಳು ನೆಲಕ್ಕೆ ತಾಕಬೇಕು. ಎರಡೂ ಬ್ರೇಕ್ ಹಿಡಿಯಬೇಕು, ಹಿಂದೆ ರಿಫ್ಲೆಕ್ಟರ್ ಇರಬೇಕು. ಹೆಲ್ಮೆಟ್ ಹಾಕಿದರೆ ತಲೆಗೆ ತೀವ್ರ ಪೆಟ್ಟಾಗುವ ಸಂಭವ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ವೇಲ್ ಇದ್ದರೆ ಹಿಂದೆ ಗಂಟು ಕಟ್ಟಿ ಒಳಗೆ ಸಿಕ್ಕಿಸಲಿ. ತಮ್ಮನನ್ನು ಕ್ಯಾರಿಯರ್ ಮೇಲೆ ಕೂರಿಸುವುದು ಬೇಡ, ಹಿಂದಿನ ಚಕ್ರದ ಕಡ್ಡಿಗೆ ಹಿಮ್ಮಡಿ ಸಿಕ್ಕಿದರೆ ಆಗುವ ಗಾಯ ತಿಂಗಳುಗಟ್ಟಲೆ ಕಾಡಬಹುದು. ಸರ್ಕಲ್ಲಿನಲ್ಲಿ ಆಕೆ ಇಳಿದು, ಸೈಕಲ್ ತಳ್ಳಿಕೊಂಡೇ ದಾಟಲಿ.

ಬ್ಯಾಗ್ ಭಾರ ಎಂಬ ತಕರಾರು ನ್ಯಾಯವಾದದ್ದೇ, ಆದರೆ ಇಳಿಸಬೇಕಾದ್ದು ಬ್ಯಾಗಿನ ಭಾರವನ್ನು. ಕೇಂದ್ರದ 2020ರ ನೀತಿಯ ಪ್ರಕಾರ ಅದು ಮಗುವಿನ ತೂಕದ ಹತ್ತನೇ ಒಂದು ಪಾಲು ಮೀರಬಾರದು. ಹೊಗೆಯ ಭಯಕ್ಕೆ ಒಳರಸ್ತೆ ಹಿಡಿಯಿರಿ, ಸ್ವಲ್ಪ ಸುತ್ತಾದರೂ ಪರವಾಗಿಲ್ಲ. ಅಸ್ತಮಾ ಇದ್ದರೆ ಇನ್‌ಹೇಲರ್ ಬ್ಯಾಗಿನಲ್ಲಿರಲಿ. ಅಪರಿಚಿತರ ಭಯಕ್ಕೂ ಪುರುಸೊತ್ತಿಲ್ಲ ಎಂಬುದಕ್ಕೂ ಮದ್ದು ಒಂದೇ, ಗುಂಪು. ಜಪಾನಿನಲ್ಲಿ ಅನೇಕ ಕಡೆ ಒಂದೇ ಬೀದಿಯ ಮಕ್ಕಳು ಹಿರಿಯ ವಿದ್ಯಾರ್ಥಿಯ ಹಿಂದೆ ಸಾಲಾಗಿ ಶಾಲೆಗೆ ನಡೆಯುತ್ತಾರೆ. ನಮ್ಮಲ್ಲಿ ಸದ್ಯಕ್ಕೆ ಸಾಲಿನ ಜೊತೆ ದೊಡ್ಡವರಿರಲಿ; ನಿಮ್ಮ ಬೀದಿಯ ಐದು ಮನೆಯವರು ಸರದಿ ಹಾಕಿಕೊಂಡರೆ ಒಬ್ಬೊಬ್ಬರಿಗೆ ಬರುವುದು ವಾರಕ್ಕೊಂದು ದಿನ.

ಈ ಭಾನುವಾರ ಇಬ್ಬರನ್ನೂ ಕರೆದುಕೊಂಡು ಆ ದಾರಿಯಲ್ಲಿ ನಡೆದು ನೋಡಿ, ಎಲ್ಲೆಲ್ಲಿ ದಾಟಬೇಕೆಂದು ಗುರುತು ಮಾಡಿಕೊಳ್ಳಿ. ಮುಂದಿನ ಪೋಷಕರ ಸಭೆಯಲ್ಲಿ ಎದ್ದು ನಿಂತು ಎರಡು ವಿಷಯ ಕೇಳಿ: ಶಾಲೆಯ ಮುಂದೆ ಜೀಬ್ರಾ ಪಟ್ಟೆ ಮತ್ತು ರೋಡ್ ಹಂಪ್ ಬೇಕೆಂದು ಸಂಚಾರ ಪೊಲೀಸರಿಗೆ ಶಾಲೆಯ ಕಡೆಯಿಂದ ಅರ್ಜಿ ಹೋಗಲಿ, ಮತ್ತು ಬೆಳಿಗ್ಗೆ ಗೇಟಿನಿಂದ ನೂರು ಮೀಟರ್ ಆಚೆಯೇ ಎಲ್ಲ ವಾಹನ ನಿಲ್ಲಲಿ.